ಎರಡನೆಯ ಮಹಾಯುದ್ಧದ ಆರು ವರ್ಷಗಳು ಬೆಂಗಳೂರನ್ನು ಎಷ್ಟರಮಟ್ಟಿಗೆ ಬದಲಿಸಿದವು?

ಬಸವನಗುಡಿಯ ಓದುಗ:

ಬೆಂಗಳೂರಿನ ಕೈಗಾರಿಕೆಯ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಸರ್ ಎಂ. ವಿಶ್ವೇಶ್ವರಯ್ಯನವರಿಂದ ಆರಂಭಿಸಿ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯನ್ನು ದಾಟಿ, ಅಲ್ಲಿಂದ ನೇರವಾಗಿ ಸ್ವಾತಂತ್ರ್ಯಾನಂತರದ ಸಾರ್ವಜನಿಕ ಉದ್ದಿಮೆಗಳಿಗೆ ಬಂದುಬಿಡುತ್ತೇವೆ. ನಡುವೆ ಇರುವ 1939ರಿಂದ 1945ರ ವರೆಗಿನ ಅವಧಿಗೆ ಹೆಚ್ಚೆಂದರೆ ಒಂದು ಪ್ಯಾರಾ ಸಿಗುತ್ತದೆ. ಅದರಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾದ ಸಂಗತಿಯ ಹೊರತು ಬೇರೇನೂ ಇರುವುದಿಲ್ಲ. ಇದು ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ. 1941ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಪೇಟೆ ಮತ್ತು ಬ್ರಿಟಿಷರ ಆಡಳಿತದಲ್ಲಿದ್ದ ದಂಡು (ಕಂಟೋನ್ಮೆಂಟ್) ಎರಡನ್ನೂ ಸೇರಿಸಿದರೆ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. 1951ರ ಹೊತ್ತಿಗೆ ಅದು ಏಳೂಮುಕ್ಕಾಲು ಲಕ್ಷದ ಆಸುಪಾಸಿಗೆ ಬಂದಿತ್ತು. ಹತ್ತೇ ವರ್ಷಗಳಲ್ಲಿ ಒಂದು ಊರು ಹೆಚ್ಚುಕಡಿಮೆ ಎರಡರಷ್ಟಾಗುವುದು ಸಾಮಾನ್ಯ ಸಂಗತಿಯಲ್ಲ, ಮತ್ತು ಆ ದಶಕದ ಮೊದಲರ್ಧವೆಲ್ಲ ಯುದ್ಧಕಾಲವೇ.

ನನ್ನ ವಾದ ಇಷ್ಟು. ಯುದ್ಧವು ಬೆಂಗಳೂರಿಗೆ ಕಾರ್ಖಾನೆ ತಂದದ್ದಕ್ಕಿಂತ ದೊಡ್ಡ ಬದಲಾವಣೆಯೆಂದರೆ, ಊರಿನ ಸಾಮಾನ್ಯ ಮನುಷ್ಯ ಎಷ್ಟು ಹೊತ್ತಿಗೆ ಏಳಬೇಕು, ಯಾವ ಧಾನ್ಯ ಉಣ್ಣಬೇಕು, ಎಷ್ಟು ಬಟ್ಟೆ ಕೊಳ್ಳಬಹುದು, ಯಾವ ಕೂಲಿಗೆ ಯಾವ ಪಾಳಿಯಲ್ಲಿ ದುಡಿಯಬೇಕು ಎಂಬುದನ್ನೆಲ್ಲ ಸರ್ಕಾರ ನಿರ್ಧರಿಸತೊಡಗಿದ್ದು. ಅದಕ್ಕೂ ಮೊದಲು ಸರ್ಕಾರವೆಂದರೆ ಕಂದಾಯ, ಪೊಲೀಸು, ಶಾಲೆ ಮತ್ತು ನಲ್ಲಿ ನೀರು. ಯುದ್ಧ ಮುಗಿಯುವ ಹೊತ್ತಿಗೆ ಅದು ಅಡುಗೆಮನೆಯ ಡಬ್ಬಿಯವರೆಗೂ ಬಂದಿತ್ತು. ಈ ಕಾಲದ ಬಗ್ಗೆ ಓದಿದವರು ಮತ್ತು ಮನೆಯ ಹಿರಿಯರಿಂದ ಕೇಳಿದವರು ದಯವಿಟ್ಟು ಬರೆಯಬೇಕು. ಒಂದೇ ವಿನಂತಿ: ವಿಷಯವನ್ನು ಬೆಂಗಳೂರಿನ ದಿನನಿತ್ಯದ ಬದುಕಿನ ಆಚೆಗೆ ಒಯ್ಯುವುದು ಬೇಡ.

ಮೈಸೂರಿನ ಅಧ್ಯಾಪಕಿ:

ಚರ್ಚೆಯನ್ನು ಆರಂಭಿಸಿದ್ದಕ್ಕೆ ಧನ್ಯವಾದಗಳು. ಆದರೆ ಯುದ್ಧಕ್ಕೆ ಇಷ್ಟು ದೊಡ್ಡ ಪಾತ್ರ ಕೊಡುವ ಮೊದಲು, ಯುದ್ಧ ಬಂದಾಗ ಇಲ್ಲಿ ಏನಿತ್ತು ಎಂಬುದನ್ನು ನೋಡಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂದಿತ್ತು. ಬಿನ್ನಿ ಕಂಪನಿಯ ಆಡಳಿತದಲ್ಲಿದ್ದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಮಿಲ್ಲು ಹತ್ತೊಂಬತ್ತನೆಯ ಶತಮಾನದ್ದು. ಸರ್ಕಾರಿ ಸಾಬೂನು ಕಾರ್ಖಾನೆ ಮೊದಲ ಮಹಾಯುದ್ಧದ ಕಾಲದ್ದು. ಪಿಂಗಾಣಿ ಕಾರ್ಖಾನೆ, ವಿದ್ಯುತ್ ಉಪಕರಣಗಳ ಕಾರ್ಖಾನೆ, 1936ರ ಮೈಸೂರು ಲ್ಯಾಂಪ್ಸ್, ಭದ್ರಾವತಿಯ ಕಬ್ಬಿಣ ಮತ್ತು ಕಾಗದ, ಇವೆಲ್ಲ 1939ಕ್ಕೆ ಮೊದಲೇ ನಿಂತಿದ್ದವು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂದಿರದಿದ್ದರೆ, ಬರೀ ಹೆಸರಘಟ್ಟದ ನೀರನ್ನು ನಂಬಿಕೊಂಡು ಯುದ್ಧಕಾಲದ ಜನಸಂದಣಿಯನ್ನು ಈ ಊರು ತಾಳಿಕೊಳ್ಳಲು ಆಗುತ್ತಲೇ ಇರಲಿಲ್ಲ. ಸಮುದ್ರದಿಂದ ದೂರದಲ್ಲಿ, ಅಗ್ಗದ ವಿದ್ಯುತ್ತು, ಹಿತವಾದ ಹವೆ, ವಿಜ್ಞಾನ ಸಂಸ್ಥೆ, ಆಸಕ್ತಿಯುಳ್ಳ ಸರ್ಕಾರ ಎಲ್ಲವೂ ಒಟ್ಟಿಗೆ ಇದ್ದದ್ದರಿಂದಲೇ ವಿಮಾನ ಕಾರ್ಖಾನೆ ಇಲ್ಲಿಗೆ ಬಂದಿತು.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಯುದ್ಧ ಕೊಟ್ಟಿದ್ದರ ಜೊತೆಗೆ ಕಿತ್ತುಕೊಂಡದ್ದೂ ಇದೆ. ವಿಶ್ವೇಶ್ವರಯ್ಯನವರು ಉದ್ಯಮಿ ವಾಲ್‌ಚಂದ್ ಹೀರಾಚಂದರ ಜೊತೆ ಸೇರಿ ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯನ್ನು ತೆರೆಯಲು ಯೋಜನೆ ಮಾಡಿದ್ದರು. ಮೈಸೂರು ಸರ್ಕಾರ ಬೆಂಬಲಕ್ಕೆ ಸಿದ್ಧವಿತ್ತು. ಯುದ್ಧದ ತುರ್ತಿಗೆ ಅದು ಅಗತ್ಯವಲ್ಲವೆಂದು ಭಾರತ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಕೊನೆಗೆ ವಾಲ್‌ಚಂದ್ ಅವರ ಕಾರಿನ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ರೂಪುಗೊಂಡಿತು. ಜೋಗದ ವಿದ್ಯುತ್ ಯೋಜನೆಗೆ 1939ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದಿತ್ತು. ಹೊರದೇಶದಿಂದ ಬರಬೇಕಾಗಿದ್ದ ಯಂತ್ರಗಳು ಯುದ್ಧದಿಂದಾಗಿ ತಡವಾದವು. ಅಲ್ಲಿನ ವಿದ್ಯುತ್ತು ಹರಿದದ್ದು 1948ರಲ್ಲಿ. ಅಷ್ಟು ವರ್ಷ ತಡವಾದ ವಿದ್ಯುತ್ತಿನಿಂದ ಎಷ್ಟು ಉದ್ದಿಮೆಗಳು ಹುಟ್ಟದೇ ಹೋದವೆಂಬುದನ್ನು ಲೆಕ್ಕ ಹಾಕುವವರಿಲ್ಲ.

ವಿಮಾನಪುರದ ನಿವಾಸಿ:

ಅಧ್ಯಾಪಕಿಯವರು ವಿಮಾನ ಕಾರ್ಖಾನೆಯ ಪ್ರಸ್ತಾಪ ಮಾಡಿರುವುದರಿಂದ ಅದರ ಕ್ರಮವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಕ್ರಮದಲ್ಲಿಯೇ ಯುದ್ಧಕಾಲದ ಸ್ವಭಾವ ಕಾಣುತ್ತದೆ.

ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ 1940ರ ಡಿಸೆಂಬರ್ 23ರಂದು, ಮೈಸೂರು ಸಂಸ್ಥಾನದ ಕಾನೂನಿನ ಅಡಿಯಲ್ಲಿ ನೋಂದಣಿಯಾಯಿತು. ಅಧಿಕೃತ ಬಂಡವಾಳ 4 ಕೋಟಿ ರೂಪಾಯಿ. ವಾಲ್‌ಚಂದ್ ಅವರ ಹಣದ ಜೊತೆಗೆ ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹಾಕಿ, ಸುಮಾರು 700 ಎಕರೆ ಜಮೀನನ್ನೂ ಕೊಟ್ಟಿತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸಿದ್ದ ಅಮೆರಿಕದ ವಿಲಿಯಂ ಪಾಲಿಯವರು ಯಂತ್ರಗಳನ್ನೂ ತಂತ್ರಜ್ಞರನ್ನೂ ಒದಗಿಸಿದರು. 1941ರ ಮಾರ್ಚಿನಲ್ಲಿ ಭಾರತ ಸರ್ಕಾರ ಪಾಲುದಾರನಾಯಿತು. ಆ ವರ್ಷದ ಆಗಸ್ಟಿನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1942ರ ಜುಲೈ ಕೊನೆಗೆ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವೂ ಹಾರಿತು. ಎತ್ತಿನ ಗಾಡಿಯೇ ಮುಖ್ಯ ಸಾರಿಗೆಯಾಗಿದ್ದ ಹೊಲಗಳ ನಡುವೆ, ಕಂಪನಿ ಹುಟ್ಟಿದ ಎರಡು ವರ್ಷದೊಳಗೆ ಇಷ್ಟು ಆಗಿದ್ದನ್ನು ನಾನು ಇಂದಿಗೂ ಬೆರಗಿನಿಂದ ನೋಡುತ್ತೇನೆ.

ಆದರೆ ಜಪಾನಿನ ಸೇನೆ ಬರ್ಮಾವನ್ನು ಹಿಡಿಯುತ್ತಿದ್ದಂತೆ ಲೆಕ್ಕಾಚಾರವೆಲ್ಲ ಬದಲಾಯಿತು. 1942ರ ಏಪ್ರಿಲಿನಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮೈಸೂರು ಸರ್ಕಾರ ಪಾಲುದಾರನಾಗಿ ಉಳಿದರೂ ಯುದ್ಧ ಮುಗಿಯುವವರೆಗೆ ಆಡಳಿತದಲ್ಲಿ ಅದರ ಮಾತು ನಡೆಯುವಂತಿರಲಿಲ್ಲ. ಹೊಸ ವಿಮಾನ ಕಟ್ಟುವುದಕ್ಕಿಂತ ಇರುವ ವಿಮಾನಗಳನ್ನು ರಿಪೇರಿ ಮಾಡುವುದೇ ಮುಖ್ಯವೆಂದು ತೀರ್ಮಾನವಾಯಿತು. 1943ರ ಸೆಪ್ಟೆಂಬರಿನಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ವಾಯುಪಡೆಯ ಉಸ್ತುವಾರಿಗೆ ಹೋಗಿ, ಅವರ 84ನೆಯ ಏರ್ ಡಿಪೊ ಆಯಿತು. ಬರ್ಮಾ ಮತ್ತು ಚೀನಾದ ರಣರಂಗಗಳಲ್ಲಿ ಹಾರಿ ಸವೆದ ಡಕೋಟ, ಮಿಚೆಲ್, ಲಿಬರೇಟರ್ ವಿಮಾನಗಳು ಮತ್ತು ಅವುಗಳ ಎಂಜಿನ್ನುಗಳು ಇಲ್ಲಿಗೆ ಬಂದು ಹೊಸದಾಗಿ ಹೋಗುತ್ತಿದ್ದವು. ಕೆಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇಂದು ನೊರೆಯ ಸುದ್ದಿಗಷ್ಟೇ ಹೆಸರಾಗಿರುವ ಆ ಕೆರೆಗೆ ಇಂಥದೊಂದು ಚರಿತ್ರೆ ಇದೆಯೆಂದು ಸುತ್ತಮುತ್ತಲಿನ ಅಪಾರ್ಟ್‌ಮೆಂಟಿನವರಿಗೆ ಹೇಳಿದರೆ ನಂಬುವುದು ಕಷ್ಟ.

ಕೆಲಸಗಾರರ ಸಂಖ್ಯೆ ಹತ್ತು ಸಾವಿರವನ್ನು ಮೀರಿತು. ಇವರೆಲ್ಲ ಎಲ್ಲಿಂದ ಬಂದರು? ದಂಡಿನ ತಮಿಳು ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳಿಂದ, ಕೋಲಾರದ ಗಣಿಯಿಂದ, ಮದರಾಸು ಪ್ರಾಂತ್ಯದಿಂದ, ಕೇರಳದಿಂದ, ಹೊಸಕೋಟೆ ಮತ್ತು ಆನೇಕಲ್ಲಿನ ಕಡೆಯ ಹಳ್ಳಿಗಳಿಂದ. ಬಡಗಿಯ ಮಗ, ಕಮ್ಮಾರನ ಮಗ ರಿವೆಟ್ ಹೊಡೆಯುವುದನ್ನೂ ಮೈಕ್ರೊಮೀಟರಿನಲ್ಲಿ ಅಳೆಯುವುದನ್ನೂ ಕಲಿತರು. ಒಂದು ಇಂಚಿನ ಸಾವಿರದಲ್ಲೊಂದು ಭಾಗ ಹೆಚ್ಚುಕಡಿಮೆಯಾದರೆ ತುಂಡು ತಿರಸ್ಕೃತವಾಗುತ್ತದೆಂಬ ಶಿಸ್ತು ಈ ಊರಿನ ಸಾವಿರಾರು ಕೈಗಳಿಗೆ ಒಟ್ಟಿಗೆ ಬಂದದ್ದು ಆ ಮೂರು ನಾಲ್ಕು ವರ್ಷಗಳಲ್ಲಿ.

ಬಸವನಗುಡಿಯ ಓದುಗ:

ಇಬ್ಬರಿಗೂ ಕೃತಜ್ಞತೆಗಳು. ಅಧ್ಯಾಪಕಿಯವರು ಹೇಳಿದ ಮೋಟಾರು ಕಾರ್ಖಾನೆಯ ಪ್ರಸಂಗ ಈ ಚರ್ಚೆಗೆ ತುಂಬ ಮುಖ್ಯವಾದದ್ದು. ಆದರೆ ನನ್ನ ಮೂಲ ಪ್ರಶ್ನೆ ಮನೆಯೊಳಗಿನದು. ಕಾರ್ಖಾನೆಗೆ ಹೋಗದವರ ಬದುಕಿನಲ್ಲಿ ಏನು ಬದಲಾಯಿತು?

ಚಾಮರಾಜಪೇಟೆ:

ಈ ಪ್ರಶ್ನೆಗೆ ನಾನು ಬರೆಯಬಲ್ಲೆ. ನಮ್ಮ ಅತ್ತೆಯವರು ಯುದ್ಧದ ಕಾಲದಲ್ಲಿ ಹುಡುಗಿಯಾಗಿದ್ದವರು. ಅವರು ಯುದ್ಧವನ್ನು ನೆನಪಿಸಿಕೊಳ್ಳುತ್ತಿದ್ದುದು ಬಾಂಬಿನಿಂದಲ್ಲ, ಅಕ್ಕಿಯಿಂದ. 1942ರ ಮಾರ್ಚಿನಲ್ಲಿ ರಂಗೂನ್ ಬಿದ್ದ ಮೇಲೆ ಬರ್ಮಾದ ಅಕ್ಕಿ ಬರುವುದು ನಿಂತಿತು. ಭಾರತಕ್ಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ಅಲ್ಲಿಂದ ಬರುತ್ತಿತ್ತು, ಮತ್ತು ದಕ್ಷಿಣದ ಊರುಗಳು ಅದನ್ನು ಚೆನ್ನಾಗಿಯೇ ನೆಚ್ಚಿಕೊಂಡಿದ್ದವು. ಮುಂದಿನ ವರ್ಷ ಬಂಗಾಳದಲ್ಲಿ ಜನ ಲಕ್ಷಗಟ್ಟಲೆ ಸತ್ತ ಮೇಲೆ, ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲೆಲ್ಲ ಪಡಿತರ ಜಾರಿಗೆ ಬರಬೇಕೆಂದು ಭಾರತ ಸರ್ಕಾರದ ಧಾನ್ಯ ಸಮಿತಿ ಶಿಫಾರಸು ಮಾಡಿತು. ಹಳ್ಳಿಗಳಲ್ಲಿ ರೈತರಿಂದ ಲೆವಿ ಎಂದು ಧಾನ್ಯ ವಸೂಲಿ ಮಾಡುವುದು, ಪೇಟೆಯಲ್ಲಿ ಕಾರ್ಡಿಗೆ ತಕ್ಕಂತೆ ಅಳೆದು ಕೊಡುವುದು, ಇವೆರಡೂ ಒಂದೇ ವ್ಯವಸ್ಥೆಯ ಎರಡು ತುದಿಗಳು. ಲೆವಿಯ ಅಧಿಕಾರಿ ಬಂದನೆಂದರೆ ನೆಲದೊಳಗಿನ ಧಾನ್ಯದ ಹಗೇವಿನ ಬಾಯಿ ಮುಚ್ಚಿ ಮಣ್ಣೆಳೆದು ಬಿಡುತ್ತಿದ್ದರೆಂದು ನಮ್ಮ ತವರಿನ ಕಡೆಯವರು ಹೇಳುತ್ತಿದ್ದರು. ಪೇಟೆಯವರ ಹೊಟ್ಟೆ ತುಂಬಿಸಿದ ವ್ಯವಸ್ಥೆ ರೈತನ ಕಣ್ಣಿಗೆ ಹಾಗೆ ಕಂಡಿತೆಂಬುದನ್ನು ನಾವು ಬಿಡಬಾರದು.

ಅನ್ನ ಉಣ್ಣುವ ಮನೆಗಳವರಿಗೆ ಪಡಿತರದಲ್ಲಿ ಗೋಧಿ, ಜೋಳ ಬರತೊಡಗಿದಾಗ ಅದನ್ನು ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲವಂತೆ. ರಾಗಿಯನ್ನು ಕೂಲಿಯವರ ಊಟವೆಂದು ಎಣಿಸುತ್ತಿದ್ದ ಮನೆಗಳಲ್ಲಿಯೂ ಮುದ್ದೆ ತಿರುವಿದರು. ಅಕ್ಕಿ ಸಿಗದ ಕಾಲದಲ್ಲಿ ರವೆಯಿಂದ ಇಡ್ಲಿ ಮಾಡಿದ್ದರಿಂದಲೇ ರವೆ ಇಡ್ಲಿ ಹುಟ್ಟಿತೆಂದು ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಇಂದು ನಾವು ಪ್ರೀತಿಯಿಂದ ತಿನ್ನುವ ತಿಂಡಿಯೊಂದು ಕೊರತೆಯ ಕಾಲದ ಕೂಸು ಎಂದು ನೆನೆದರೆ ನನಗೆ ಅದರ ಮೇಲಿನ ಗೌರವ ಹೆಚ್ಚುತ್ತದೆ.

ಸೀಮೆಎಣ್ಣೆ, ಸಕ್ಕರೆ, ಬಟ್ಟೆ ಎಲ್ಲಕ್ಕೂ ಇದೇ ಪಾಡು. ಒಂದು ಕಡೆ ಊರಿನ ಮಿಲ್ಲುಗಳು ಹಗಲೂ ರಾತ್ರಿ ಬಟ್ಟೆ ನೇಯುತ್ತಿದ್ದವು. ಇನ್ನೊಂದು ಕಡೆ ಅದೇ ಊರಿನ ಹೆಂಗಸರು ಒಂದು ಸೀರೆಗಾಗಿ ನಿಯಂತ್ರಣದ ಅಂಗಡಿಯ ಮುಂದೆ ಸರತಿಯಲ್ಲಿ ನಿಲ್ಲುತ್ತಿದ್ದರು, ಏಕೆಂದರೆ ನೇಯ್ದದ್ದರಲ್ಲಿ ದೊಡ್ಡ ಪಾಲು ಸೇನೆಗೆ ಹೋಗುತ್ತಿತ್ತು. ಸರ್ಕಾರ ಸ್ಟ್ಯಾಂಡರ್ಡ್ ಬಟ್ಟೆ ಎಂದು ಅಗ್ಗದ ಒರಟು ಬಟ್ಟೆಯನ್ನು ಮಾರಿಸಿತು. ಕಾಳಸಂತೆ ಎಂಬ ಮಾತು ಮನೆಮನೆಯ ಮಾತಾದದ್ದು ಆಗಲೇ.

ಚಿಲ್ಲರೆಯೂ ಇರಲಿಲ್ಲ. 1940ರಲ್ಲಿ ರೂಪಾಯಿ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ಅದೇ ವರ್ಷ ಒಂದು ರೂಪಾಯಿಯ ನೋಟು ಬಂತು. ಜನ ಹಳೆಯ ಬೆಳ್ಳಿ ರೂಪಾಯಿಗಳನ್ನು ಪೆಟ್ಟಿಗೆಗೆ ಸೇರಿಸಿಟ್ಟರು. ತಾಮ್ರ ಉಳಿಸಲೆಂದು 1943ರಲ್ಲಿ ನಡುವೆ ರಂಧ್ರವಿರುವ ಕಾಸನ್ನು ಹೊರಡಿಸಿದರು. ಆ ತೂತು ಕಾಸುಗಳನ್ನು ದಾರದಲ್ಲಿ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟುತ್ತಿದ್ದರೆಂದು ಅತ್ತೆಯವರು ಹೇಳುತ್ತಿದ್ದರು.

ಗಡಿಯಾರದ ಸಂಗತಿಯೊಂದು ಉಳಿಯಿತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಬೆಂಗಳೂರಿನಲ್ಲಿ ಜನವರಿ ತಿಂಗಳಲ್ಲಿ ಸೂರ್ಯ ಹುಟ್ಟುವುದು ಈಗಿನ ಲೆಕ್ಕದಲ್ಲಿ ಆರೂಮುಕ್ಕಾಲರ ಸುಮಾರಿಗೆ. ಆಗಿನ ಗಡಿಯಾರದಲ್ಲಿ ಅದು ಏಳೂಮುಕ್ಕಾಲು! ಬೆಳಗಿನ ಏಳರ ಪಾಳಿಗೆ ಹೋಗುವ ಗಂಡಸಿಗೆ ಬುತ್ತಿ ಕಟ್ಟುವ ಹೆಂಗಸು ಎಷ್ಟು ಕತ್ತಲಲ್ಲಿ, ಎಷ್ಟು ಕಡಿಮೆ ಸೀಮೆಎಣ್ಣೆಯಲ್ಲಿ ಒಲೆ ಹೊತ್ತಿಸಿರಬೇಕು ಎಂದು ಯೋಚಿಸಿ ನೋಡಿ.

ಮಾಗಡಿ ರಸ್ತೆ:

ಚಾಮರಾಜಪೇಟೆಯ ಅಮ್ಮನವರು ಪಾಳಿಯ ಮಾತೆತ್ತಿದ್ದು ಒಳ್ಳೆಯದಾಯಿತು. ನಮ್ಮದು ಮೂರು ತಲೆಮಾರಿನ ಮಿಲ್ಲಿನ ಕುಟುಂಬ. ವಿಮಾನ ಕಾರ್ಖಾನೆಯ ಚರಿತ್ರೆಯನ್ನು ಬರೆಯುವವರು ಹಲವರಿದ್ದಾರೆ. ಬಿನ್ನಿ, ಮಹಾರಾಜ, ಮಿನರ್ವ, ರಾಜಾ ಮಿಲ್ಲುಗಳ ಕೆಲಸಗಾರರ ಯುದ್ಧಕಾಲವನ್ನು ಹೇಳುವವರು ಕಡಿಮೆ. ರಾಜಾ ಮಿಲ್ಲಿದ್ದ ಜಾಗದಲ್ಲಿ, ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ, ಈಗ ಮಾಲ್ ಎದ್ದಿದೆ.

ಖಾಕಿ ಬಟ್ಟೆ ಮತ್ತು ಉಣ್ಣೆಯ ಕಂಬಳಿಗಳಿಗೆ ಸೇನೆಯಿಂದ ಆರ್ಡರುಗಳು ಬಂದಂತೆ ಮಿಲ್ಲುಗಳು ಪಾಳಿಗಳನ್ನು ಹೆಚ್ಚಿಸಿದವು. ಕೆಲಸ ಯಾರಿಗೂ ಕೊರತೆಯಿರಲಿಲ್ಲ. ಆದರೆ ಕೂಲಿ ಏರುವ ಮೊದಲೇ ಧಾನ್ಯದ ಬೆಲೆ ಏರುತ್ತಿತ್ತು, ಮತ್ತು ಆ ಅಂತರದಿಂದ ಹುಟ್ಟಿದ್ದೇ 1941ರ ಮುಷ್ಕರಗಳು. ಅವುಗಳಿಗೆ ಉತ್ತರವಾಗಿ ಮೈಸೂರು ಸರ್ಕಾರ ಅದೇ ವರ್ಷ ಕಾರ್ಮಿಕರ ತುರ್ತು ಕಾನೂನನ್ನೂ, 1942ರಲ್ಲಿ ಮೈಸೂರು ಕಾರ್ಮಿಕ ಕಾನೂನನ್ನೂ ತಂದಿತು. ಇದರ ಒಂದು ಮುಖ ಹತೋಟಿ: ಮೊದಲು ಸಂಧಾನ ನಡೆಯಬೇಕು, ಮನಬಂದಂತೆ ಮುಷ್ಕರ ಹೂಡುವಂತಿಲ್ಲ. ಇನ್ನೊಂದು ಮುಖ ಮಾನ್ಯತೆ: ಕೆಲಸಗಾರರ ಸಂಘಕ್ಕೆ ಕಾನೂನಿನಲ್ಲಿ ಒಂದು ಸ್ಥಾನ ಸಿಕ್ಕಿತು, ಮಾಲೀಕರು ಅದರೊಂದಿಗೆ ಮಾತಾಡಲೇಬೇಕಾಯಿತು. ಕೆ.ಟಿ. ಭಾಷ್ಯಂ ಅವರಂಥ ಕಾಂಗ್ರೆಸ್ಸಿನ ವಕೀಲರು ಮಿಲ್ಲಿನ ಕಾರ್ಮಿಕರ ಪರವಾಗಿ ವರ್ಷಗಟ್ಟಲೆ ನಡೆಸಿದ ಹೋರಾಟಕ್ಕೆ ದೊರೆತ ಫಲ ಇದು ಎಂದು ನಾನು ತಿಳಿಯುತ್ತೇನೆ. ಯುದ್ಧ ಇಲ್ಲದಿದ್ದರೆ ಸರ್ಕಾರಕ್ಕೆ ಇಷ್ಟು ಆತುರ ಇರುತ್ತಿರಲಿಲ್ಲ, ಏಕೆಂದರೆ ಒಂದು ದಿನ ಮಗ್ಗ ನಿಂತರೆ ಸೇನೆಯ ಬಟ್ಟೆ ನಿಲ್ಲುತ್ತಿತ್ತು. ಕೆಲಸಗಾರನ ಕೈಗೆ ಬಲ ಬಂದದ್ದು ಈ ಕಾರಣದಿಂದ.

ತುಟ್ಟಿಭತ್ಯೆ ನಮ್ಮ ಕಡೆಯ ಸಂಬಳದ ಚೀಟಿಯಲ್ಲಿ ಕಾಯಂ ಜಾಗ ಪಡೆದದ್ದೂ ಆ ವರ್ಷಗಳಲ್ಲಿ. ಕೆಲವು ಕಡೆ ಕೆಲಸಗಾರರಿಗಾಗಿಯೇ ಅಗ್ಗದ ಧಾನ್ಯದ ಅಂಗಡಿಗಳನ್ನು ತೆರೆದರು. ಬೆಲೆ ಏರಿದರೆ ಸಂಬಳವೂ ಅದಕ್ಕೆ ತಕ್ಕಂತೆ ಏರಬೇಕೆಂಬ ತತ್ವವನ್ನು ಇಂದು ನಾವು ಪ್ರಶ್ನಿಸುವುದೇ ಇಲ್ಲ. ಅದಕ್ಕಾಗಿ ನಮ್ಮ ಅಜ್ಜಂದಿರು ಬೀದಿಯಲ್ಲಿ ನಿಂತಿದ್ದರು.

1942ರ ಆಗಸ್ಟಿನಲ್ಲಿ ಚಲೇಜಾವ್ ಚಳವಳಿ ಆರಂಭವಾದಾಗ ಮಿಲ್ಲಿನ ಕೆಲಸಗಾರರು ಕೆಲಸ ಬಿಟ್ಟು ಹೊರಬಂದರು, ವಿದ್ಯಾರ್ಥಿಗಳು ಬೀದಿಗಿಳಿದರು. ಮೈಸೂರು ಬ್ಯಾಂಕ್ ವೃತ್ತದಲ್ಲಿ ಗೋಲಿಬಾರಿಗೆ ಬಲಿಯಾದವರ ಸ್ಮಾರಕ ಇಂದಿಗೂ ಇದೆ. ಸೇನೆಗೆ ಬಟ್ಟೆ ನೇಯುವ ಕೈಗಳೇ ಆ ಸೇನೆಯ ಸರ್ಕಾರ ತೊಲಗಲಿ ಎಂದು ಎದ್ದವು. ಹೊಟ್ಟೆಪಾಡಿಗೆ ಯುದ್ಧದ ಕೆಲಸ, ಮನಸ್ಸಿನಲ್ಲಿ ಸ್ವರಾಜ್ಯ: ಈ ಎರಡನ್ನೂ ಹೊತ್ತು ಬದುಕಿದ ಜನರವರು, ಮತ್ತು ಅವರ ಬಗ್ಗೆ ನನಗೆ ಬಹಳ ಅಭಿಮಾನವಿದೆ.

ಚನ್ನಪಟ್ಟಣ:

ಚರ್ಚೆ ಬೆಂಗಳೂರಿನದೇ ಆದರೂ ಬೆಂಗಳೂರಿಗೆ ಅಂಟಿಕೊಂಡ ಒಂದು ಮಾತು ಹೇಳುತ್ತೇನೆ. ಯುದ್ಧಕ್ಕೆ ಮೊದಲು ಜಪಾನಿನ ಅಗ್ಗದ ರೇಷ್ಮೆ ನಮ್ಮ ರೇಷ್ಮೆ ಬೆಳೆಗಾರರ ಬೆನ್ನು ಮುರಿದಿತ್ತು. ಜಪಾನು ಶತ್ರುವಾದ ದಿನ ಆ ರೇಷ್ಮೆ ನಿಂತಿತು, ಅದೇ ಹೊತ್ತಿಗೆ ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು. ರಾಮನಗರ, ಚನ್ನಪಟ್ಟಣ, ಕೊಳ್ಳೇಗಾಲ, ನರಸೀಪುರದ ಕಡೆ ಗೂಡಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಚರಕದ ಬದಲು ಫಿಲೇಚರಿನಲ್ಲಿ, ಅಂದರೆ ಯಂತ್ರದಿಂದ ನೂಲು ಬಿಚ್ಚುವ ಕಾರ್ಖಾನೆಯಲ್ಲಿ, ಒಂದೇ ಸಮನಾದ ನೂಲು ತೆಗೆಯಬೇಕೆಂಬ ಒತ್ತಾಯ ಬಂದದ್ದೂ ಆಗಲೇ, ಏಕೆಂದರೆ ಪ್ಯಾರಾಚೂಟಿನ ಬಟ್ಟೆಗೆ ಒರಟು ನೂಲು ನಡೆಯುವುದಿಲ್ಲ. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಹಿಪ್ಪುನೇರಳೆ ಹಾಕಲು ಸಾಲ ಮಾಡಿದ್ದವರ ಪಾಡು ಏನಾಯಿತೆಂಬುದು ನಮ್ಮ ಊರಿನ ಹಳಬರಿಗೆ ಗೊತ್ತು.

ಬಸ್ಸಿನ ವಿಷಯ ಯಾರೂ ಹೇಳಲಿಲ್ಲ. 1941ರಲ್ಲಿ ಪೆಟ್ರೋಲಿಗೆ ಪಡಿತರ ಬಂದ ಮೇಲೆ ಬಸ್ಸುಗಳ ಹಿಂದೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಅನಿಲದಿಂದ ಎಂಜಿನ್ ಓಡಿಸುತ್ತಿದ್ದರು. ಹೊರಡುವ ಮೊದಲು ತಿದಿ ತಿರುವಿ ಬೆಂಕಿ ಎಬ್ಬಿಸಬೇಕಿತ್ತು. ಏರು ಸಿಕ್ಕರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತು. ಬೆಂಗಳೂರಿಗೆ ಗೂಡು, ತರಕಾರಿ, ಸೌದೆ ಸಾಗಿಸುವುದೆಲ್ಲ ಇಂಥ ಗಾಡಿಗಳಲ್ಲಿ ಅಥವಾ ಎತ್ತಿನ ಗಾಡಿಗಳಲ್ಲಿ.

ಜಾಲಹಳ್ಳಿ:

ಉತ್ತರದ ಕಡೆಯಿಂದ ಸ್ವಲ್ಪ ಮಾತು. ಉತ್ತರ ಆಫ್ರಿಕದ ಯುದ್ಧದಲ್ಲಿ ಸೆರೆ ಸಿಕ್ಕ ಇಟಲಿಯ ಸೈನಿಕರನ್ನು ಸಾವಿರಾರು ಸಂಖ್ಯೆಯಲ್ಲಿ ತಂದು 1941ರಿಂದ ಬೆಂಗಳೂರಿನ ಸುತ್ತಲಿನ ಶಿಬಿರಗಳಲ್ಲಿ ಇಟ್ಟಿದ್ದರು. ಜಾಲಹಳ್ಳಿಯಲ್ಲಿ ಸೇನೆಯ ದೊಡ್ಡ ಆಸ್ಪತ್ರೆಯೇ ಬೆಳೆಯಿತು. ಬರ್ಮಾದ ರಣರಂಗದಲ್ಲಿ ಗಾಯಗೊಂಡವರು ಅಲ್ಲಿ ಚಿಕಿತ್ಸೆ ಪಡೆದರು. ಆ ಶೆಡ್ಡುಗಳು ಮತ್ತು ರಸ್ತೆಗಳು ಯುದ್ಧದ ನಂತರ ವಾಯುಪಡೆಯ ಕೈಗೆ ಬಂದವು. 1950ರ ದಶಕದಲ್ಲಿ ಎಚ್‌ಎಂಟಿ ಮತ್ತು ಬಿಇಎಲ್ ಇದೇ ಭಾಗದಲ್ಲಿ ನೆಲೆಯೂರಿದವು. ಊರು ಈ ದಿಕ್ಕಿಗೆ ಬೆಳೆಯಲು ದಾರಿ ಮಾಡಿದ್ದು ಸೇನೆ.

ದಂಡಿನಲ್ಲಿ ಆಗ ಬ್ರಿಟಿಷರ ಜೊತೆಗೆ ಅಮೆರಿಕದ ಸೈನಿಕರೂ ತುಂಬಿದ್ದರು. ಸೌತ್ ಪೆರೇಡ್ (ಈಗಿನ ಮಹಾತ್ಮ ಗಾಂಧಿ ರಸ್ತೆ), ಬ್ರಿಗೇಡ್ ರಸ್ತೆಯ ಹೋಟೆಲು, ಸಿನಿಮಾ ಮಂದಿರ, ದರ್ಜಿಯಂಗಡಿಗಳಿಗೆ ಅಂಥ ವ್ಯಾಪಾರ ಹಿಂದೆ ಇರಲಿಲ್ಲ. ಪೇಟೆಯ ಕಡೆ ಕಾರ್ಡು ಹಿಡಿದು ನಿಲ್ಲುವ ಜನ, ಎರಡು ಮೈಲಿಯ ಆಚೆ ಡಾಲರಿನ ಖರ್ಚು. ಎರಡು ಆಡಳಿತಗಳ ಊರಾಗಿದ್ದ ಬೆಂಗಳೂರಿನ ಆ ಗಡಿ ಯುದ್ಧಕಾಲದಲ್ಲಿ ಕಂಡಷ್ಟು ಎದ್ದು ಎಂದೂ ಕಂಡಿರಲಾರದು. ದಂಡು ಮೈಸೂರಿನ ಆಡಳಿತಕ್ಕೆ ಮರಳಿದ್ದು 1947ರ ಜುಲೈನಲ್ಲಿ, ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ.

ಬಸವನಗುಡಿಯ ಓದುಗ:

ಎಲ್ಲರೂ ಬರೆದದ್ದನ್ನು ಓದಿದ ಮೇಲೆ ಅಧ್ಯಾಪಕಿಯವರಿಗೆ ಒಂದು ಪ್ರಶ್ನೆ. ಯುದ್ಧಕ್ಕೆ ಮೊದಲೇ ಅಡಿಪಾಯ ಇತ್ತೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಪಡಿತರ, ತುಟ್ಟಿಭತ್ಯೆ, ಕಾರ್ಮಿಕ ಕಾನೂನು, ಮನೆ ಬಾಡಿಗೆಯ ನಿಯಂತ್ರಣ, ಇವು ಯಾವುವೂ ಯುದ್ಧ ಮುಗಿದ ಮೇಲೆ ಹಿಂದಕ್ಕೆ ಹೋಗಲಿಲ್ಲ. ತಾತ್ಕಾಲಿಕವೆಂದು ಬಂದದ್ದು ಉಳಿದುಬಿಟ್ಟಿತು. ಹಾಗಿದ್ದಮೇಲೆ ನಗರದ ಬದುಕಿನ ಮಟ್ಟಿಗೆ 1939ನ್ನೇ ಗಡಿರೇಖೆಯೆಂದು ಏಕೆ ಹೇಳಬಾರದು?

ಮೈಸೂರಿನ ಅಧ್ಯಾಪಕಿ:

ಉಳಿದದ್ದನ್ನು ಮಾತ್ರ ಎಣಿಸಿದರೆ ನೀವು ಹೇಳುವುದು ಸರಿ. ಉಳಿಯದ್ದನ್ನೂ ಎಣಿಸಬೇಕು ಎನ್ನುತ್ತೇನೆ. 1945ರಲ್ಲಿ ಯುದ್ಧ ನಿಂತಾಗ ವಿಮಾನ ಕಾರ್ಖಾನೆಯ ಕೆಲಸವೂ ಬಹುಮಟ್ಟಿಗೆ ನಿಂತಿತು. ಸಾವಿರಾರು ಜನರನ್ನು ಮನೆಗೆ ಕಳಿಸಿದರು. ಮಿಲ್ಲುಗಳಿಗೆ ಖಾಕಿಯ ಬೇಡಿಕೆ ಇಳಿಯಿತು. ಚನ್ನಪಟ್ಟಣದವರು ಹೇಳಿದ ರೇಷ್ಮೆಯ ಕಥೆಯೂ ಇದೇ. ಯುದ್ಧ ತಂದ ಉದ್ಯೋಗದಲ್ಲಿ ದೊಡ್ಡ ಪಾಲು ಯುದ್ಧದ ಜೊತೆಗೇ ಹೋಯಿತು. ಆದರೆ ಆ ಉದ್ಯೋಗಕ್ಕೆಂದು ಊರಿಗೆ ಬಂದ ಜನ ಹಿಂದಿರುಗಲಿಲ್ಲ. ಮನೆಗಳಿಲ್ಲದ, ಕೆಲಸವಿಲ್ಲದ, ಆದರೆ ಹಳ್ಳಿಗೂ ಮರಳಲಾರದ ಕುಟುಂಬಗಳು ಎಷ್ಟೋ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯನ್ನು ಸ್ಥಾಪಿಸಿದ್ದಕ್ಕೂ, ಕೆಲವೇ ವರ್ಷಗಳಲ್ಲಿ ಜಯನಗರದಂಥ ಬಡಾವಣೆಯನ್ನು ಯೋಜಿಸಿದ್ದಕ್ಕೂ ಹಿಂದೆ ಇದ್ದದ್ದು ಈ ಒತ್ತಡವೇ. ಆ ಬಡಾವಣೆಗಳು ಮಧ್ಯಮ ವರ್ಗಕ್ಕೆ ನೆಲೆ ಕೊಟ್ಟವು. ಪಾಳಿಯ ಕೆಲಸಕ್ಕೆಂದು ಬಂದು ಮಿಲ್ಲುಗಳ ಸುತ್ತಲಿನ ಒಂದೇ ಕೋಣೆಯ ಸಾಲುಮನೆಗಳಲ್ಲಿ ಸಿಕ್ಕಿಕೊಂಡವರಿಗೆ ಹೆಚ್ಚೇನೂ ಸಿಗಲಿಲ್ಲ. ಯುದ್ಧಕಾಲದ ಸರ್ಕಾರ ಇವರ ಹೊಟ್ಟೆಯ ಹೊಣೆಯನ್ನು ಹೊತ್ತಿತು, ಸೂರಿನ ಹೊಣೆಯನ್ನು ಹೊರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ವಿಮಾನಪುರದ ನಿವಾಸಿ:

ಅಧ್ಯಾಪಕಿಯವರ ಮಾತಿಗೆ ಒಂದು ಅಂಶವನ್ನು ಸೇರಿಸಬೇಕು. ಕೆಲಸ ಹೋದರೂ ಕಸುಬು ಹೋಗಲಿಲ್ಲ. ಯುದ್ಧದ ನಂತರ ಕಾರ್ಖಾನೆ ಉಸಿರು ಹಿಡಿದದ್ದು ಸೇನೆ ಬಿಟ್ಟುಹೋದ ಡಕೋಟ ವಿಮಾನಗಳನ್ನು ನಾಗರಿಕ ಕಂಪನಿಗಳಿಗಾಗಿ ಸಜ್ಜುಗೊಳಿಸಿ, ಬಸ್ಸಿನ ಕವಚಗಳನ್ನು ಕಟ್ಟಿ, ರೈಲಿನ ಬೋಗಿಗಳನ್ನು ತಯಾರಿಸಿ. ವಿಮಾನದ ತಗಡಿಗೆ ರಿವೆಟ್ ಹೊಡೆದ ಕೈಗಳು ರೈಲು ಬೋಗಿಯ ತಗಡಿಗೆ ಹೊಡೆದವು. ಆ ಬೋಗಿ ವಿಭಾಗವೇ 1960ರ ದಶಕದಲ್ಲಿ ಬೇರೆಯಾಗಿ ಬಿಇಎಂಎಲ್ ಆಯಿತು. ಹೊರಗೆ ಹೋದ ಕುಶಲ ಕೆಲಸಗಾರರಲ್ಲಿ ಕೆಲವರು ಸಣ್ಣ ವರ್ಕ್‌ಶಾಪುಗಳನ್ನು ತೆರೆದರು; 1948ರಲ್ಲಿ ದೂರವಾಣಿ ಕಾರ್ಖಾನೆ, ಆಮೇಲೆ ಎಚ್‌ಎಂಟಿ, ಬಿಇಎಲ್ ಬಂದಾಗ ತರಬೇತಾದ ಫಿಟ್ಟರು, ಟರ್ನರುಗಳನ್ನು ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಾಗಲಿಲ್ಲ.

ವಿಜ್ಞಾನ ಸಂಸ್ಥೆಯ ವಿಷಯವೂ ಹೀಗೆಯೇ. 1942ರ ಡಿಸೆಂಬರಿನಲ್ಲಿ ಅಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾದದ್ದು ಯುದ್ಧದ ಅಗತ್ಯದಿಂದ. ಅದನ್ನು ಕಟ್ಟಿದ ವಿ.ಎಂ. ಘಾಟಗೆಯವರು ಕಾರ್ಖಾನೆಯಲ್ಲಿ ಹತ್ತು ಜನ ಕೂರುವ ಗ್ಲೈಡರಿನ ವಿನ್ಯಾಸ ಮಾಡಿದ್ದವರು. ಅವರ ನೇತೃತ್ವದಲ್ಲಿಯೇ ಸ್ವತಂತ್ರ ಭಾರತದ ಎಚ್‌ಟಿ-2 ತರಬೇತಿ ವಿಮಾನ ತಯಾರಾಗಿ 1951ರ ಆಗಸ್ಟಿನಲ್ಲಿ ಹಾರಿತು. ಯುದ್ಧಕಾಲದಲ್ಲಿ ಪರರ ವಿಮಾನಗಳನ್ನು ಬಿಚ್ಚಿ ಜೋಡಿಸುತ್ತ ಕಲಿತ ಊರು ಆರು ವರ್ಷದಲ್ಲಿ ತನ್ನದೇ ವಿಮಾನವನ್ನು ಹಾರಿಸಿತು.

ಮಾಗಡಿ ರಸ್ತೆ:

ವಿಮಾನಪುರದವರ ಮಾತು ನಿಜ, ಆದರೆ ಅದು ಕುಶಲ ಕೆಲಸಗಾರನ ಕಥೆ. ಮಿಲ್ಲಿನ ನೂಲು ಸುತ್ತುವ ವಿಭಾಗದಲ್ಲಿ ದುಡಿದ ಹೆಂಗಸರಿಗೆ, ಕಾರ್ಖಾನೆಯಲ್ಲಿ ಭಾರ ಹೊತ್ತ ಕೂಲಿಗಳಿಗೆ ಹೊತ್ತೊಯ್ಯುವಂಥ ಕಸುಬು ಯಾವುದೂ ಇರಲಿಲ್ಲ. ಅವರು ಹೊತ್ತೊಯ್ದದ್ದು ಸಂಘದ ಸದಸ್ಯತ್ವವನ್ನು ಮತ್ತು ಪಡಿತರದ ಕಾರ್ಡನ್ನು. ಈ ಎರಡನ್ನೂ ಮುಂದಿನ ಮೂವತ್ತು ವರ್ಷ ಅವರು ಬಿಗಿಯಾಗಿ ಹಿಡಿದುಕೊಂಡಿದ್ದಕ್ಕೆ ಕಾರಣವಿತ್ತು. ಯಾರ ಮನೆಯಲ್ಲಾದರೂ ಆ ಕಾಲದ ಸಂಬಳದ ಚೀಟಿ, ಪಡಿತರದ ಕಾರ್ಡು, ಸಂಘದ ರಸೀದಿ ಉಳಿದಿದ್ದರೆ ಅವುಗಳ ವಿವರವನ್ನು ಇಲ್ಲಿ ಬರೆಯಿರಿ. ಕಾರ್ಖಾನೆಗಳ ದಾಖಲೆ ಸರ್ಕಾರದ ಕಡತಗಳಲ್ಲಿದೆ. ಈ ಜನರದ್ದು ಇದ್ದರೆ ಟ್ರಂಕಿನ ತಳದಲ್ಲೇ ಇರಬೇಕು.

ಚಾಮರಾಜಪೇಟೆ:

ನಮ್ಮ ಅತ್ತೆಯವರ ಟ್ರಂಕಿನಲ್ಲಿ ಒಂದು ಕಾರ್ಡು ಇದೆ. ಮನೆಯ ಯಜಮಾನರ ಹೆಸರು, ದೊಡ್ಡವರು ಎಷ್ಟು ಮಂದಿ, ಮಕ್ಕಳು ಎಷ್ಟು ಮಂದಿ, ವಾರವಾರ ಹಾಕಿದ ಗುರುತುಗಳು ಎಲ್ಲ ಕಾಣುತ್ತವೆ. ಶಾಯಿ ಮಾಸಿದೆ, ಆದ್ದರಿಂದ ನಿಧಾನವಾಗಿ ಓದಿ, ಒಂದೊಂದು ವಾರಕ್ಕೆ ಯಾವ ಧಾನ್ಯ ಎಷ್ಟು ಬಂತೆಂಬುದನ್ನು ಮುಂದಿನ ವಾರ ಇಲ್ಲಿ ಬರೆಯುತ್ತೇನೆ.